ಮಾಳಿಗೆ ಮೇಲೆ ಪದೇ ಪದೇ ಕೇಳುವ ಪ್ರಶ್ನೆಗಳು: ಚುಕ್ಕಿ, ಚಂದ್ರ, ಗ್ರಹಣ ಮತ್ತು ಅದರಾಚೆ

ಧಾರವಾಡದ ನಮ್ಮ ಮನೆ ಮಾಳಿಗೆ ಮೇಲೆ ಒಂದು ಆರಿಂಚಿನ ದುರ್ಬೀನು ಇದೆ. ದಸರಾ ಮುಗಿದು ಮೋಡ ಸರಿದರೆ ಸಾಕು, ಓಣಿಯವರು ಒಬ್ಬೊಬ್ಬರಾಗಿ ಹತ್ತಿ ಬರುತ್ತಾರೆ. ಆಗಾಗ ಅದನ್ನು ಗದಗ, ಹಾವೇರಿ ಕಡೆಯ ಶಾಲೆಗಳಿಗೂ ಒಯ್ಯುತ್ತೇನೆ. ಎಲ್ಲಿ ಹೋದರೂ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಕೆಲವು ಎದುರಿಗೆ ಕೇಳಿದವು, ಕೆಲವು ಮಕ್ಕಳು ಚೀಟಿಯಲ್ಲಿ ಬರೆದುಕೊಟ್ಟವು, ಉಳಿದವು ರಾತ್ರಿ ಹನ್ನೊಂದಕ್ಕೆ ಫೋನಿಗೆ ಬಂದ ಮೆಸೇಜುಗಳು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನೀವೇ ಪರೀಕ್ಷೆ ಮಾಡಿ ನೋಡುವಂಥದ್ದು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಹೇಗೆ ಅಂತಲೂ ಬರೆದಿದ್ದೇನೆ, ಸುಮ್ನೆ ನನ್ನ ಮಾತು ನಂಬಬೇಡಿ.

## ಮೊದಲ ಸಲ ಬಂದವರು ಕೇಳುವುದು

"ಅಲ್ರೀ, ಹುಣ್ಣಿಮಿ ಚಂದ್ರ ಮೂಡೋವಾಗ ಅಷ್ಟು ದೊಡ್ಡಾಂವ ಯಾಕ ಕಾಣ್ತಾನ?"

ಕಾಣುತ್ತಾನೆ ಅಷ್ಟೇ, ಆಗಿರುವುದಿಲ್ಲ. ಅಡುಗೆ ಮನೆಯಿಂದ ಒಂದು ಕಡಲೆ ಕಾಳು ತನ್ನಿ. ಎರಡು ಬೆರಳಲ್ಲಿ ಹಿಡಿದು ಕೈ ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಮೂಡುವ ಚಂದ್ರನ ಮೇಲೆ ಕಾಳು ಇಡಿ. ಇಡೀ ಚಂದ್ರ ಅದರ ಹಿಂದೆ ಅಡಗಿಬಿಡುತ್ತಾನೆ. ನಡುರಾತ್ರಿ ಅವನು ನೆತ್ತಿಗೆ ಬಂದಾಗ ಅದೇ ಕಾಳನ್ನು ಮತ್ತೆ ಹಿಡಿದು ನೋಡಿ, ಆಗಲೂ ಅಷ್ಟೇ.

ನಿಜ ಹೇಳಬೇಕೆಂದರೆ ನೆತ್ತಿ ಮೇಲಿದ್ದಾಗಲೇ ಅವನು ಕೂದಲೆಳೆಯಷ್ಟು ದೊಡ್ಡವನು. ಯಾಕಂದ್ರೆ ಆಗ ನಾವು ಭೂಮಿಯ ತಿರುಗಾಟದಲ್ಲಿ ಅವನಿಗೆ ಆರು ಸಾವಿರ ಕಿ.ಮೀ. ಹತ್ತಿರ ಬಂದಿರುತ್ತೇವೆ. ಕೆಳಗಿದ್ದಾಗ ದೊಡ್ಡದಾಗಿ ಕಾಣುವುದು ಪೂರ್ತಿ ನಮ್ಮ ಮಿದುಳಿನ ಕೆಲಸ.

"ಸೂರ್ಯ ಹಳದಿ ಅಲ್ವಾ?"

ಬಿಳಿ. ಮಕ್ಕಳು ಚಿತ್ರದಲ್ಲಿ ಹಳದಿ ಹಚ್ಚುತ್ತಾರೆ, ಹಚ್ಚಲಿ. ಆದರೆ ಗಾಳಿಯ ಪದರ ದಾಟಿ ಮೇಲೆ ಹೋದವರಿಗೆ ಸೂರ್ಯ ಹಾಲಿನಂಥ ಬಿಳಿ. ನಮ್ಮ ಗಾಳಿ ನೀಲಿ ಬಣ್ಣವನ್ನು ಆಕಾಶದ ತುಂಬ ಚೆಲ್ಲಿಬಿಡುತ್ತದೆ. ಸಂಜೆ ಹೊತ್ತು ಬೆಳಕು ಜಾಸ್ತಿ ಗಾಳಿ ದಾಟಿ ಬರುವುದರಿಂದ ನಮಗೆ ತಲುಪುವುದು ಉಳಿದ ಹಳದಿ, ಕೆಂಪು.

"ಧ್ರುವ ನಕ್ಷತ್ರ ಎಲ್ಲಕ್ಕಿಂತ ಹೊಳಿಯೂದು ಹೌದಲ್ರೀ? ನಮಗ ಕಾಣವಲ್ದು."

ಇದೇ ತಪ್ಪಿನಿಂದ ಅರ್ಧ ಜನಕ್ಕೆ ಧ್ರುವ ಸಿಗುವುದೇ ಇಲ್ಲ. ಹೊಳಪಿನ ಪಟ್ಟಿಯಲ್ಲಿ ಅದು ಮೊದಲ ನಲವತ್ತರಲ್ಲೂ ಬರುವುದಿಲ್ಲ. ಅದರ ಹೆಸರು ದೊಡ್ಡದಾಗಿದ್ದು ಜಾಗದಿಂದ: ಭೂಮಿಯ ಅಚ್ಚು ತೋರಿಸುವ ಕಡೆ ಇದೆ, ಹಾಗಾಗಿ ಕದಲುವುದಿಲ್ಲ.

ಇನ್ನೊಂದು ಸ್ವಾರಸ್ಯ. ನೀವು ಭೂಮಧ್ಯರೇಖೆಯಿಂದ ಎಷ್ಟು ಡಿಗ್ರಿ ಉತ್ತರಕ್ಕಿದ್ದೀರೋ ಧ್ರುವವೂ ನಿಮಗೆ ಅಷ್ಟೇ ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. ನಮ್ಮ ಧಾರವಾಡ, ಗದಗ ಸೀಮೆಗೆ ಅದು ಸುಮಾರು 15 ಡಿಗ್ರಿ. ಕೈ ಚಾಚಿ ಹಿಡಿದ ಒಂದು ಮುಷ್ಟಿ ಹತ್ತು ಡಿಗ್ರಿ. ಅಂದರೆ ಉತ್ತರದ ಅಂಚಿನಿಂದ ಒಂದೂವರೆ ಮುಷ್ಟಿ ಮೇಲೆ ಹುಡುಕಿ. ಊರೊಳಗೆ ನೀರಿನ ಟಾಕಿಯೋ ಪಕ್ಕದ ಮನೆಯ ಗೋಡೆಯೋ ಅಡ್ಡ ಬಂದಿರುತ್ತದೆ, ಕಾಣದೇ ಇರುವುದಕ್ಕೆ ಇನ್ನೊಂದು ಕಾರಣ ಅದು.

"ವರ್ಷದಾಗ ಒಂದಿನ ನೆರಳ ಬೀಳಂಗಿಲ್ಲ ಅಂತಾರ, ಖರೇನ?"

ಖರೆ. ಅದೂ ಒಂದು ದಿನ ಅಲ್ಲ, ಎರಡು. ಹುಬ್ಬಳ್ಳಿ, ಧಾರವಾಡ, ಗದಗಕ್ಕೆ ಮೇ ತಿಂಗಳ 2-3ರ ಹೊತ್ತಿಗೆ ಒಮ್ಮೆ, ಆಗಸ್ಟ್ 10ರ ಆಸುಪಾಸು ಇನ್ನೊಮ್ಮೆ. ಹಾವೇರಿ ಸ್ವಲ್ಪ ದಕ್ಷಿಣಕ್ಕಿರುವುದರಿಂದ ಅಲ್ಲಿ ಏಪ್ರಿಲ್ ಕೊನೆಗೇ ಬರುತ್ತದೆ. ಆಗಸ್ಟಿನದ್ದು ಮೋಡಕ್ಕೆ ಹೋಗುತ್ತದೆ, ಮೇ ತಿಂಗಳದ್ದನ್ನು ಬಿಡಬೇಡಿ. ದೆಹಲಿಯವರಿಗೆ ಈ ಭಾಗ್ಯ ಇಲ್ಲ, ಅಲ್ಲಿ ಸೂರ್ಯ ಯಾವತ್ತೂ ಸರಿಯಾಗಿ ನೆತ್ತಿಗೆ ಬರುವುದಿಲ್ಲ.

ಗಡಿಯಾರದ ಹನ್ನೆರಡಕ್ಕೆ ಹೋಗಿ ನಿಂತವರಿಗೆ ನಿರಾಶೆ ಆಗುತ್ತದೆ. ನಮ್ಮ ದೇಶದ ಗಡಿಯಾರ ಪ್ರಯಾಗರಾಜ್ ಹತ್ತಿರ ಹಾಯುವ 82.5 ಡಿಗ್ರಿ ರೇಖೆಯ ಲೆಕ್ಕದ್ದು. ನಾವಿರುವುದು 75ರಲ್ಲಿ. ಅದಕ್ಕೇ ನಮ್ಮ ನಿಜವಾದ ನಡುಮಧ್ಯಾಹ್ನ ಆಗುವುದು ಹನ್ನೆರಡೂವರೆ ಸುಮಾರಿಗೆ. ಹೋದ ಸಲ ಓಣಿ ಹುಡುಗರು ನೀರಿನ ಪೈಪಿನ ಒಂದು ಗೇಣು ತುಂಡನ್ನು ಫರಸಿ ಮೇಲೆ ನೆಟ್ಟಗೆ ನಿಲ್ಲಿಸಿದ್ದರು. ನೆರಳು ಮೊದಲು ಬೆರಳಷ್ಟು ಆಯಿತು, ಆಮೇಲೆ ಉಗುರಿನಷ್ಟು, ಆಮೇಲೆ ಪೈಪಿನೊಳಗೆ ಬಿಸಿಲು ನೇರ ಇಳಿದು ತಳದಲ್ಲಿ ಒಂದು ಬಿಳಿ ಬಿಲ್ಲೆ. ಒಂದೆರಡು ನಿಮಿಷ ಅಷ್ಟೇ. ಆ ಹುಡುಗರು ಅಷ್ಟೊತ್ತು ಮಾತಾಡದೆ ನಿಂತಿದ್ದನ್ನು ನಾನು ಬೇರೆ ಯಾವತ್ತೂ ನೋಡಿಲ್ಲ.

## ಪಂಚಾಂಗ, ಮಳೆ, ಗ್ರಹಣ

"ಮಿರಗದ ಮಳಿ ಅಂತೀವಲ್ಲ, ಆ ಮಿರಗದ ಚುಕ್ಕಿ ಯಾವುದು, ಜೂನದಾಗ ತೋರಸ್ರಿ."

ಹಾವೇರಿ ಕಡೆಯ ಒಬ್ಬ ರೈತರು ಕೇಳಿದ್ದು. ಈ ಪಟ್ಟಿಯಲ್ಲಿ ನನಗೆ ತುಂಬ ಇಷ್ಟವಾದ ಪ್ರಶ್ನೆ. ಉತ್ತರ ಏನಂದ್ರೆ, ಜೂನ್‌ನಲ್ಲಿ ತೋರಿಸಲು ಆಗುವುದೇ ಇಲ್ಲ. ಮೃಗಶಿರಾ ಮಳೆ ಅಂದರೆ ಸೂರ್ಯ ಮೃಗಶಿರಾ ನಕ್ಷತ್ರದ ದಿಕ್ಕಿನಲ್ಲಿ ಇರುವ ದಿನಗಳು. ಆ ಚುಕ್ಕಿಗಳು ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತವೆ. ಇಡೀ ಹಗಲು ನಿಮ್ಮ ತಲೆ ಮೇಲೆಯೇ ಇರುತ್ತವೆ, ಬಿಸಿಲಿನಲ್ಲಿ ಕಾಣುವುದಿಲ್ಲ.

ಸೂರ್ಯ ವರ್ಷಕ್ಕೆ 27 ನಕ್ಷತ್ರ ದಾಟುತ್ತಾನೆ, 365ನ್ನು 27ರಿಂದ ಭಾಗಿಸಿದರೆ ಒಂದಕ್ಕೆ ಹದಿಮೂರೂವರೆ ದಿನ. ನಮ್ಮ ಹಿರಿಯರು ಒಂದೊಂದು ಮಳೆಗೆ ಹದಿಮೂರು-ಹದಿನಾಲ್ಕು ದಿನ ಹಿಡಿಯುವುದು ಇದಕ್ಕೇ. ರೋಹಿಣಿ ಮೇ 25ರ ಹೊತ್ತಿಗೆ, ಮಿರಗ ಜೂನ್ 8ರ ಹೊತ್ತಿಗೆ, ಆರಿದ್ರಾ ಜೂನ್ 22ರ ಹೊತ್ತಿಗೆ. ಕಾಣದ ಚುಕ್ಕಿಯ ಲೆಕ್ಕ ಇಟ್ಟು ಬಿತ್ತನೆ ಮಾಡಿದ ಜನ ಇವರು, ಎಂಥ ಲೆಕ್ಕ ನೋಡಿ!

ಮಿರಗವನ್ನು ಕಣ್ಣಾರೆ ನೋಡಬೇಕಾ? ಡಿಸೆಂಬರ್‌ನಲ್ಲಿ ಊಟ ಮುಗಿಸಿ ಹೊರಗೆ ಬನ್ನಿ. ಪೂರ್ವಕ್ಕೆ ಸಾಲಾಗಿ ಮೂರು ಚುಕ್ಕಿ ಕಾಣುತ್ತವೆ. ಅದರ ಪಕ್ಕದಲ್ಲಿ ಕೆಂಪಗೆ ಹೊಳೆಯುವುದೇ ಆರಿದ್ರಾ. ಅದನ್ನು ತಂದು ನಮ್ಮ ಸೂರ್ಯನ ಜಾಗದಲ್ಲಿ ಇಟ್ಟರೆ ಬುಧ, ಶುಕ್ರ, ಭೂಮಿ, ಮಂಗಳ ನಾಲ್ಕೂ ಅದರ ಹೊಟ್ಟೆಯೊಳಗೆ.

"ಸಂಕ್ರಾಂತಿಗೆ ಉತ್ತರಾಯಣ ಶುರು ಅಂತ ಓದಿದೀವಿ. ನೀವು ಡಿಸೆಂಬರ್ ಅಂತೀರಿ?"

ಎರಡಕ್ಕೂ ಕಾರಣ ಇದೆ. ಸೂರ್ಯ ದಕ್ಷಿಣಕ್ಕೆ ಹೋಗುವುದು ನಿಂತು ಉತ್ತರಕ್ಕೆ ಹೊರಳುವುದು ಡಿಸೆಂಬರ್ 21-22ಕ್ಕೆ. ಬೇಕಿದ್ದರೆ ಮನೆಯ ಕಿಟಕಿಯಿಂದ ಬರುವ ಬೆಳಗಿನ ಬಿಸಿಲು ಗೋಡೆ ಮೇಲೆ ಎಲ್ಲಿ ಬೀಳುತ್ತದೆ ಅಂತ ನವೆಂಬರ್‌ನಿಂದ ಪೆನ್ಸಿಲ್ ಗುರುತು ಹಾಕುತ್ತಾ ಬನ್ನಿ. ಸಂಕ್ರಾಂತಿ ಅನ್ನುವುದು ಸೂರ್ಯ ಮಕರ ರಾಶಿಗೆ ಕಾಲಿಡುವ ದಿನ. ಸುಮಾರು 1700 ವರ್ಷಗಳ ಹಿಂದೆ ಇವೆರಡೂ ಒಂದೇ ದಿನ ಬರುತ್ತಿದ್ದವು. ಭೂಮಿ ಬುಗುರಿಯ ಹಾಗೆ ನಿಧಾನ ತೂಗಾಡುತ್ತದೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ಅದರಿಂದ 72 ವರ್ಷಕ್ಕೆ ಒಂದು ದಿನದಷ್ಟು ಅಂತರ ಬೀಳುತ್ತಾ ಈಗ ಮೂರು ವಾರ ದಾಟಿದೆ. ಇದೇ ತೂಗಾಟದಿಂದ ಧ್ರುವನ ಪಟ್ಟವೂ ಬದಲಾಗುತ್ತದೆ. ಇನ್ನು 12,000 ವರ್ಷಕ್ಕೆ ಉತ್ತರ ದಿಕ್ಕು ತೋರಿಸುವುದು ಅಭಿಜಿತ್ ಎಂಬ ನಕ್ಷತ್ರ.

"ಮದುವ್ಯಾಗ ಅರುಂಧತಿ ತೋರಸ್ತಾರಲ್ಲ, ಅದು ಒಂದ ಚುಕ್ಕಿ ಏನ್ರೀ?"

ಬರಿಗಣ್ಣಿಗೆ ವಸಿಷ್ಠ, ಅರುಂಧತಿ ಎರಡು. ನನ್ನ ದುರ್ಬೀನಿನಲ್ಲಿ ವಸಿಷ್ಠ ತಾನೇ ಎರಡಾಗಿ ಒಡೆದು ಕಾಣುತ್ತದೆ. ಇನ್ನೂ ದೊಡ್ಡ ಉಪಕರಣಗಳಿಂದ ನೋಡಿದರೆ ಆ ಎರಡೂ ಮತ್ತೆ ಎರಡೆರಡು, ಅರುಂಧತಿಯೂ ಜೋಡಿ. ಒಟ್ಟು ಆರು. ಮದುವೆ ಮಂಟಪದಲ್ಲಿ ಹಗಲು ಹೊತ್ತು ಬೆರಳು ತೋರಿಸಿ ಮುಗಿಸುತ್ತಾರೆ. ಏಪ್ರಿಲ್-ಮೇ ರಾತ್ರಿ ಒಂದು ಸಲ ಇಬ್ಬರೂ ಮಾಳಿಗೆ ಹತ್ತಿ, ಸಪ್ತರ್ಷಿ ಮಂಡಲದ ಬಾಲದ ನಡುವಿನ ಚುಕ್ಕಿಯನ್ನು ನೋಡಿ.

"ನಮ್ಮೂರಾಗ ಪೂರ್ತಿ ಕತ್ತಲಾಗೋ ಸೂರ್ಯಗ್ರಹಣ ಯಾವಾಗರ ಆಗಿತ್ತೇನ?"

ಆಗಿತ್ತು! 1980ರ ಫೆಬ್ರವರಿ 16, ಶನಿವಾರ, ಮಧ್ಯಾಹ್ನದ ಮೇಲೆ. ಚಂದ್ರನ ನೆರಳು ಅರಬ್ಬಿ ಸಮುದ್ರದಿಂದ ಅಂಕೋಲಾ ಕಡೆ ಹತ್ತಿ, ಹುಬ್ಬಳ್ಳಿ, ಗದಗ, ರಾಯಚೂರು ಹಾದು ಹೋಯಿತು. ಎರಡು ನಿಮಿಷಕ್ಕೂ ಮೀರಿ ಹಗಲಲ್ಲೇ ಕತ್ತಲು. ಒಂದೇ ಜಾಗಕ್ಕೆ ಇಂಥದ್ದು ಬರುವುದು ಸರಾಸರಿ 375 ವರ್ಷಕ್ಕೊಮ್ಮೆ. ನಿಮ್ಮ ಮನೆಯಲ್ಲಿ ಅರವತ್ತು ದಾಟಿದವರು ಇದ್ದರೆ ಇವತ್ತೇ ಕೇಳಿ. ಬಹಳ ಜನ ಬಾಗಿಲು ಹಾಕಿ ಒಳಗೆ ಕೂತಿದ್ದೆವು ಅನ್ನುತ್ತಾರೆ, ಮನಸ್ಸಿಗೆ ಕಸಿವಿಸಿ ಆಗುತ್ತದೆ. ಹಕ್ಕಿಗಳು ಗೂಡಿಗೆ ಹೊರಟಿದ್ದನ್ನು ನೋಡಿದೆ ಅನ್ನುವವರು ಸಿಕ್ಕರೆ ಅವರ ಮಾತು ಬರೆದಿಟ್ಟುಕೊಳ್ಳಿ.

ಸೂರ್ಯ ಚಂದ್ರನಿಗಿಂತ 400 ಪಟ್ಟು ದೊಡ್ಡವನು, ಹೆಚ್ಚು ಕಡಿಮೆ 400 ಪಟ್ಟೇ ದೂರ. ಅದಕ್ಕೇ ಒಂದರ ಮೇಲೊಂದು ಮುಚ್ಚಳದಂತೆ ಕೂರುತ್ತವೆ. ಆದರೆ ಚಂದ್ರ ವರ್ಷಕ್ಕೆ 3.8 ಸೆಂ.ಮೀ. ದೂರ ಸರಿಯುತ್ತಿದ್ದಾನೆ. ಅಪೊಲೊ ಯಾನಿಗಳು ಅಲ್ಲಿ ಇಟ್ಟು ಬಂದ ಕನ್ನಡಿಗಳಿಗೆ ಲೇಸರ್ ಹಾಯಿಸಿ ಅಳೆದ ಲೆಕ್ಕ ಇದು. ಸುಮಾರು 60 ಕೋಟಿ ವರ್ಷ ಕಳೆದರೆ ಮುಚ್ಚಳ ಸಾಲುವುದಿಲ್ಲ. ಭಾರತದ ನೆಲದಿಂದ ಮುಂದಿನ ಪೂರ್ಣ ಸೂರ್ಯಗ್ರಹಣ ಕಾಣುವುದು 2034ರ ಮಾರ್ಚ್ 20ರಂದು, ಅದೂ ಉತ್ತರದ ತುದಿಯಲ್ಲಿ. ಗ್ರಹಣದ ಕನ್ನಡಕ ಇಲ್ಲದೆ ಸೂರ್ಯನನ್ನು ನೋಡಬೇಡಿ. ಎಕ್ಸ್‌ರೇ ಫಿಲ್ಮ್, ಸಗಣಿ ನೀರು ಯಾವುದೂ ನಡೆಯುವುದಿಲ್ಲ.

## ನಮ್ಮ ಸೂರ್ಯನ ಸಂಸಾರ

"ಅಕ್ಕೋರೆ, ಇದು ಫೋಟೋ ಅಂಟಿಸಿದ್ದೀರಲ್ಲ?"

ಶನಿಯನ್ನು ಮೊದಲ ಸಲ ನೋಡಿದವರಲ್ಲಿ ನಾಲ್ಕರಲ್ಲಿ ಒಬ್ಬರು ಹೀಗೆ ಕೇಳುತ್ತಾರೆ. ಗದಗಿನ ಹತ್ತಿರದ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿ ಕಣ್ಣು ತೆಗೆದವರೇ ಕೊಳವೆಯ ಬಾಯಿಗೆ ಹೋಗಿ ಒಳಗೆ ಕೈ ಆಡಿಸಿ ನೋಡಿದರು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ಬಂದು ನೋಡಿದರು. "ಬಳಿ ಹಾಕ್ಕೊಂಡಾನಲ್ಲೋ ಯಪ್ಪಾ" ಅಂದರು.

ಆ ಬಳೆಯ ಅಗಲ ಸುಮಾರು 2,80,000 ಕಿ.ಮೀ., ದಪ್ಪ ಬಹಳ ಕಡೆ ಹತ್ತು ಮೀಟರ್ ಆಸುಪಾಸು. ಈ ಅಳತೆ ಹೀಗೆ ತಿಳಿದುಕೊಳ್ಳಿ: ಹುಬ್ಬಳ್ಳಿಯಿಂದ ಧಾರವಾಡದವರೆಗೆ ಅಗಲ ಇರುವ ಒಂದು ಜೋಳದ ರೊಟ್ಟಿ ಬಡಿದರೆ, ಅದರ ದಪ್ಪ ಒಂದು ಮಿಲಿಮೀಟರೂ ಇರಬಾರದು. 2025ರ ಮಾರ್ಚ್‌ನಲ್ಲಿ ಬಳೆ ನಮ್ಮ ಕಡೆ ಸರಿಯಾಗಿ ಅಂಚು ತಿರುಗಿಸಿತ್ತು. ಇದು ಸುಮಾರು 15 ವರ್ಷಕ್ಕೊಮ್ಮೆ ಆಗುತ್ತದೆ. ಈಗ ನಿಧಾನ ಮತ್ತೆ ತೆರೆದುಕೊಳ್ಳುತ್ತಿದೆ, ಹಾಗಾಗಿ ತೆಳ್ಳಗೆ ಕಂಡರೆ ದುರ್ಬೀನು ಕೆಟ್ಟಿದೆ ಅಂದುಕೊಳ್ಳಬೇಡಿ.

"ಬೆಳ್ಳಿ ಚುಕ್ಕಿ ಮ್ಯಾಲೆ ಒಂದಿನ ಅಂದ್ರ ಎಷ್ಟು?"

ಶುಕ್ರ ತನ್ನ ಸುತ್ತ ಒಂದು ಸಲ ತಿರುಗಲು ನಮ್ಮ 243 ದಿನ ಬೇಕು. ಸೂರ್ಯನನ್ನು ಸುತ್ತಲು 225 ದಿನ ಸಾಕು. ಅಂದರೆ ವರ್ಷ ಮುಗಿದರೂ ಒಂದು ತಿರುಗು ಮುಗಿದಿರುವುದಿಲ್ಲ. ಅದೂ ಉಲ್ಟಾ ತಿರುಗುತ್ತದೆ, ಅಲ್ಲಿ ಸೂರ್ಯ ಪಡುವಣಕ್ಕೆ ಹುಟ್ಟುತ್ತಾನೆ. ನೆಲದ ಬಿಸಿ 465 ಡಿಗ್ರಿ, ಸೀಸ ಕರಗಿ ಹರಿಯುತ್ತದೆ.

"ಚಂದ್ರಯಾನ-3 ಇಳೀತು, ಸರಿ. ನಮಗೆ ಏನು ಹೊಸದು ಗೊತ್ತಾಯ್ತು?"

ನನ್ನನ್ನು ಬೆರಗುಗೊಳಿಸಿದ್ದು ಒಂದು ಥರ್ಮಾಮೀಟರ್. 2023ರ ಆಗಸ್ಟ್ 23ರ ಸಂಜೆ ವಿಕ್ರಮ್ ಇಳಿದ ಮೇಲೆ ಅದು ಚಂದ್ರನ ಮಣ್ಣಿಗೆ ಒಂದು ಸಲಾಕೆ ಚುಚ್ಚಿತು. ಮೇಲ್ಮೈಯಲ್ಲಿ 50 ಡಿಗ್ರಿಗೂ ಜಾಸ್ತಿ ಬಿಸಿ. ಎಂಟು ಸೆಂ.ಮೀ. ಕೆಳಗೆ ಸೊನ್ನೆಗಿಂತ 10 ಡಿಗ್ರಿ ಕಮ್ಮಿ. ನಿಮ್ಮ ನಾಲ್ಕು ಬೆರಳು ಜೋಡಿಸಿ ಅಗಲ ನೋಡಿಕೊಳ್ಳಿ. ಬೆರಳ ಮೇಲಂಚಿಗೆ ನಮ್ಮ ಮೇ ತಿಂಗಳಿಗಿಂತ ಜೋರು ಬಿಸಿಲು, ಕೆಳಂಚಿಗೆ ಫ್ರೀಜರ್. ಅಲ್ಲಿಯ ಪುಡಿ ಮಣ್ಣು ಶಾಖವನ್ನು ಕೆಳಗೆ ಬಿಡುವುದೇ ಇಲ್ಲ. ಮುಂದೆ ಅಲ್ಲಿ ಮನೆ ಕಟ್ಟುವವರಿಗೆ ಈ ಮಣ್ಣೇ ಹೊದಿಕೆ ಆಗಬಹುದು. ಅಲ್ಲಿಂದ ಬಂದ ಸಂಕೇತಗಳನ್ನು ಹಿಡಿಯಲು ನಮ್ಮ ರಾಮನಗರ ಕಡೆಯ ಬ್ಯಾಲಾಳು ಹಳ್ಳಿಯ 32 ಮೀಟರ್ ಅಗಲದ ಆಂಟೆನಾ ಕೂಡ ದುಡಿಯಿತು.

"ಮ್ಯಾಲೆ ಗುರುತ್ವಾಕರ್ಷಣೆ ಇಲ್ಲ, ಅದಕ್ಕ ತೇಲ್ತಾರ, ಹೌದಲ್ಲ?"

ಅಲ್ಲ. ಶಾಲೆಯ ಮಕ್ಕಳಷ್ಟೇ ಅಲ್ಲ, ಮಾಸ್ತರರೂ ಹೀಗೇ ಹೇಳುತ್ತಾರೆ. ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಎಷ್ಟು ದಾರಿಯೋ ಅಷ್ಟು. ಅಲ್ಲಿ ಭೂಮಿಯ ಸೆಳೆತ ಇಲ್ಲಿನದರ ನೂರಕ್ಕೆ ತೊಂಬತ್ತರಷ್ಟು ಇದ್ದೇ ಇದೆ. ಅವರು ತೇಲುತ್ತಿಲ್ಲ, ಬೀಳುತ್ತಿದ್ದಾರೆ. ಆದರೆ ಪಕ್ಕಕ್ಕೆ ಸೆಕೆಂಡಿಗೆ ಏಳೂವರೆ ಕಿ.ಮೀ.ಗೂ ಜಾಸ್ತಿ ವೇಗದಲ್ಲಿ ಓಡುತ್ತಿರುವುದರಿಂದ, ಅವರು ಎಷ್ಟು ಬಿದ್ದರೋ ಭೂಮಿಯೂ ಅಷ್ಟೇ ಬಾಗಿರುತ್ತದೆ. ನೆಲ ಸಿಗುವುದೇ ಇಲ್ಲ. ಚಿಗರಿ ಬಸ್ಸಿನ ಅರ್ಧ-ಮುಕ್ಕಾಲು ತಾಸಿನ ಹುಬ್ಬಳ್ಳಿ-ಧಾರವಾಡ ದಾರಿ ಅವರಿಗೆ ಮೂರು ಸೆಕೆಂಡು. 2025ರ ಜೂನ್ 26ರಂದು ಶುಭಾಂಶು ಶುಕ್ಲಾ ಅಲ್ಲಿಗೆ ತಲುಪಿದಾಗ ನಾವು ಓಣಿಯವರೆಲ್ಲ ಟಿವಿ ಮುಂದೆ ಇದನ್ನೇ ಲೆಕ್ಕ ಹಾಕುತ್ತಾ ಕೂತಿದ್ದೆವು.

"ಚುಕ್ಕಿ ಉದುರಿ ಬಿದ್ರ ಎಲ್ಲಿ ಬೀಳ್ತಾವ?"

ಅದು ಚುಕ್ಕಿ ಅಲ್ಲ. ಮರಳಿನ ಕಣದಿಂದ ಸಾಸಿವೆ ಕಾಳಿನವರೆಗಿನ ಧೂಳು, ನೂರು ಕಿ.ಮೀ. ಆಸುಪಾಸಿನ ಎತ್ತರದಲ್ಲೇ ಉರಿದು ಮುಗಿಯುತ್ತದೆ. ಇಂಥವು ಹೆಚ್ಚು ಬೀಳುವ ಡಿಸೆಂಬರ್ 13-14ರ ರಾತ್ರಿ ಗದಗ ಸೀಮೆಯ ಕಪ್ಪತಗುಡ್ಡದ ಕಡೆ ಹೋಗಿ ಕಂಬಳಿ ಹಾಸಿ ಮಲಗಿ ನೋಡಿ. ಧಾರವಾಡದ ದೀಪಗಳ ನಡುವೆ ಹತ್ತು ಕಂಡರೆ ಅಲ್ಲಿ ಎಣಿಸಲು ಸುಸ್ತಾಗುತ್ತದೆ.

## ಸ್ವಲ್ಪ ದೂರ ಹೋಗೋಣ ಅನ್ನುವವರಿಗೆ

"ಚುಕ್ಕಿ ನೋಡೋದು ಅಂದ್ರೆ ಹಳೇ ಕಾಲ ನೋಡೋದು ಅಂತಾರೆ. ಅರ್ಥ ಆಗ್ಲಿಲ್ಲ."

ಬೆಳಕಿಗೂ ನಡೆದು ಬರಲು ಹೊತ್ತು ಬೇಕು. ಸೂರ್ಯನಿಂದ ಎಂಟು ನಿಮಿಷ ಚಿಲ್ಲರೆ. ಅತಿ ಹೆಚ್ಚು ಹೊಳೆಯುವ ಲುಬ್ಧಕದಿಂದ ಎಂಟೂವರೆ ವರ್ಷ. ಆಂಡ್ರೊಮಿಡಾ ಗೆಲಾಕ್ಸಿಯಿಂದ 25 ಲಕ್ಷ ವರ್ಷ, ಅದನ್ನು ಕತ್ತಲೆ ಜಾಗದಲ್ಲಿ ಬರಿಗಣ್ಣಿಂದಲೇ ನೋಡಬಹುದು.

ನನಗೆ ಇದು ಮನಸ್ಸಿಗೆ ಇಳಿದಿದ್ದು ಲಕ್ಕುಂಡಿಯಲ್ಲಿ. 1054ರ ಜುಲೈ 4ರಂದು ಚೀನಾದ ಆಕಾಶ ವೀಕ್ಷಕರು ವೃಷಭ ರಾಶಿಯ ಕಡೆ ಹೊಸ ಚುಕ್ಕಿಯೊಂದನ್ನು ಬರೆದಿಟ್ಟರು. 23 ದಿನ ಹಗಲಲ್ಲೂ ಕಾಣುತ್ತಿತ್ತು, ರಾತ್ರಿಯಲ್ಲಿ ಎರಡು ವರ್ಷದ ಹತ್ತಿರ. ಒಂದು ದೊಡ್ಡ ನಕ್ಷತ್ರ ಸಿಡಿದು ಸತ್ತಿತ್ತು, ಆ ಬೆಳಕು ಸುಮಾರು 6,500 ವರ್ಷ ನಡೆದು ಆಗಷ್ಟೇ ಬಂದಿತ್ತು. ಅತ್ತಿಮಬ್ಬೆ 1007ರಲ್ಲಿ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿ ಆಗ ಐವತ್ತು ವರ್ಷವೂ ಆಗಿರಲಿಲ್ಲ. ಜುಲೈನಲ್ಲಿ ನಮ್ಮ ಕಡೆ ಮೋಡ ಇದ್ದಿರಬಹುದು, ಆದರೆ ಆ ಚಳಿಗಾಲದ ರಾತ್ರಿಗಳಲ್ಲಿ ಅದು ಬಸದಿಯ ಮೇಲೆ ಹೊಳೆದೇ ಹೊಳೆದಿರುತ್ತದೆ. ಅದೇ ಸಿಡಿತದ ಚೂರುಗಳು ಇವತ್ತು ನನ್ನ ದುರ್ಬೀನಿನಲ್ಲಿ ಸಣ್ಣ ಬಿಳಿ ಮಬ್ಬಾಗಿ ಕಾಣುತ್ತವೆ, ಏಡಿ ನೀಹಾರಿಕೆ ಅಂತ ಹೆಸರು. ನಡುವೆ ಉಳಿದ ತಿರುಳು ಈಗಲೂ ಸೆಕೆಂಡಿಗೆ 30 ಸುತ್ತು ಗಿರಕಿ ಹೊಡೆಯುತ್ತಿದೆ. ಅದರಲ್ಲಿ ಒಂದು ಜೋಳದ ಕಾಳಿನಷ್ಟು ತೆಗೆದರೆ ತೂಕ ಒಂದು ಕೋಟಿ ಟನ್ ದಾಟುತ್ತದೆ.

"ಕಪ್ಪುಕುಳಿ ಎಲ್ಲಾನೂ ನುಂಗ್ತದಂತ, ನಮ್ಮನ್ನೂ ನುಂಗಬಹುದೇನ್ರೀ?"

ಇಲ್ಲ. ಸೂರ್ಯನನ್ನು ತೆಗೆದು ಅಷ್ಟೇ ತೂಕದ ಕಪ್ಪುಕುಳಿ ಇಟ್ಟರೆ ಭೂಮಿ ಇದೇ ದಾರಿಯಲ್ಲಿ ಸುತ್ತುತ್ತಿರುತ್ತದೆ. ಚಳಿಗೆ ಸಾಯುತ್ತೇವೆ ನಿಜ, ಆದರೆ ಒಳಗೆ ಎಳೆದುಕೊಳ್ಳುವುದಿಲ್ಲ. ಬಹಳ ಹತ್ತಿರ ಹೋದರೆ ಮಾತ್ರ ಬೆಳಕೂ ವಾಪಸ್ ಬರಲಾರದು. ನಮ್ಮ ಆಕಾಶಗಂಗೆಯ ನಡುವೆ 40 ಲಕ್ಷಕ್ಕೂ ಹೆಚ್ಚು ಸೂರ್ಯರ ತೂಕದ ಒಂದು ಕುಳಿ ಇದೆ, ಅದರ ಚಿತ್ರ 2022ರಲ್ಲಿ ಬಂತು.

"ಚಿನ್ನ ಭೂಮಿಯಾಗ ಹುಟ್ಟೂದಿಲ್ಲ ಅಂದ್ರಿ, ಮತ್ತ ಕಪ್ಪತಗುಡ್ಡದ ಚಿನ್ನ?"

ಕಪ್ಪತಗುಡ್ಡದ ಸೀಮೆಯಲ್ಲಿ ಚಿನ್ನ ಇದೆ, ಹಿಂದೆ ಗಣಿಯೂ ನಡೆದಿತ್ತು. ಆ ಬಂಡೆಗಳು 250 ಕೋಟಿ ವರ್ಷಕ್ಕೂ ಹಳೆಯವು, ಭೂವಿಜ್ಞಾನಿಗಳು ಜಗತ್ತಿನಾದ್ಯಂತ ಅವನ್ನು ಕರೆಯುವುದೇ ಧಾರವಾಡದ ಹೆಸರಿನಿಂದ. ಆದರೆ ಬಂಡೆ ಚಿನ್ನವನ್ನು ಒಂದೆಡೆ ಸೇರಿಸಿತು, ಹುಟ್ಟಿಸಲಿಲ್ಲ. ಚಿನ್ನದ ಪರಮಾಣು ಆಗಲು ಬೇಕಾದ ಬಿಸಿ, ಒತ್ತಡ ಭೂಮಿಯಲ್ಲೂ ಇಲ್ಲ, ಸೂರ್ಯನಲ್ಲೂ ಇಲ್ಲ. 2017ರ ಆಗಸ್ಟ್ 17ರಂದು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು (ಏಡಿ ನೀಹಾರಿಕೆಯ ನಡುವೆ ಉಳಿದಂಥ ತಿರುಳುಗಳು) ಡಿಕ್ಕಿ ಹೊಡೆದಿದ್ದು ಪತ್ತೆಯಾಯಿತು. ಅದರ ಬೆಳಕಿನಲ್ಲಿ ಇಂಥ ಭಾರದ ಧಾತುಗಳು ಹುಟ್ಟಿದ ಗುರುತು ಸಿಕ್ಕಿತು. ನಿಮ್ಮ ತಾಳಿಯ ಗುಂಡಿನ ಚಿನ್ನವೂ ಇಂಥದ್ದೇ ಯಾವುದೋ ಹಳೆಯ ಸಿಡಿತದಲ್ಲಿ ಆದದ್ದು.

"ಟಿವಿಯಲ್ಲಿ ಮೊದಲೆಲ್ಲ ಚುಕ್ಕಿ ಚುಕ್ಕಿ ಬರ್ತಿತ್ತಲ್ಲ, ಅದಕ್ಕೂ ಬ್ರಹ್ಮಾಂಡಕ್ಕೂ ಸಂಬಂಧ ಇದೆಯಾ?"

ಇದೆ. 1964ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಪೆಂಜಿಯಾಸ್ ಮತ್ತು ವಿಲ್ಸನ್ ಅವರ ಆಂಟೆನಾದಲ್ಲಿ ಒಂದು ಗೊರಗೊರ ಸದ್ದು ನಿಲ್ಲಲೇ ಇಲ್ಲ. ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳ ಹಿಕ್ಕೆ ಅಂತ ತಿಳಿದು ತೊಳೆದರು, ಆದರೂ ನಿಲ್ಲಲಿಲ್ಲ. ಅದು ಸುಮಾರು 1380 ಕೋಟಿ ವರ್ಷಗಳ ಹಿಂದಿನ ಬಿಸಿ ಬ್ರಹ್ಮಾಂಡ ಆರುತ್ತಾ ಆರುತ್ತಾ ಉಳಿಸಿದ ಕಾವು. ಹಳೆಯ ಟಿವಿಯ ಆ ಮಳೆಯಲ್ಲಿ ನೂರಕ್ಕೆ ಒಂದು ಪಾಲು ಅದರದ್ದೇ.

"ನಮ್ಮ ದನಿ ಅಲ್ಲಿಗೆ ಮುಟ್ಟೇತೇನು?"

ಮುಟ್ಟುತ್ತಾ ಇದೆ, ಅದೂ ಕನ್ನಡದಲ್ಲಿ. 1977ರಲ್ಲಿ ಹಾರಿಸಿದ ವಾಯೇಜರ್ ನೌಕೆಗಳ ಮೇಲೆ ಚಿನ್ನದ ಲೇಪ ಇರುವ ಒಂದೊಂದು ರೆಕಾರ್ಡ್ ಇದೆ. 55 ಭಾಷೆಗಳ ಶುಭಾಶಯಗಳಲ್ಲಿ ಕನ್ನಡವೂ ಒಂದು: "ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು." ಅದರಲ್ಲೇ ಹಿಂದೂಸ್ತಾನಿ ಹಾಡುಗಾರ್ತಿ ಕೇಸರಬಾಯಿ ಕೇರಕರ ಅವರ ಭೈರವಿ ರಾಗ ಇದೆ. ಅವರು ಅಲ್ಲಾದಿಯಾ ಖಾನರ ಶಿಷ್ಯೆ. ನಮ್ಮ ಮಲ್ಲಿಕಾರ್ಜುನ ಮನ್ಸೂರರು ಕಲಿತಿದ್ದು ಅದೇ ಖಾನರ ಮಕ್ಕಳಲ್ಲಿ, ಅದೇ ಜೈಪುರ-ಅತ್ರೌಲಿ ಘರಾಣೆ. ಅಂದರೆ ಧಾರವಾಡದ ಓಣಿಗಳಲ್ಲಿ ಕೇಳಿದ ಗಾಯನ ಶೈಲಿಯ ಒಡಹುಟ್ಟು ಈಗ ಸುಮಾರು 2,500 ಕೋಟಿ ಕಿ.ಮೀ. ಆಚೆ ಹೋಗುತ್ತಿದೆ. ವಾಯೇಜರ್-1 ಸೆಕೆಂಡಿಗೆ 17 ಕಿ.ಮೀ. ಓಡುತ್ತಿದೆ. ಇನ್ನೊಂದು ನಕ್ಷತ್ರದ ಹತ್ತಿರ ಹಾಯಲು ಸುಮಾರು 40,000 ವರ್ಷ ಬೇಕು. ಈಗ ಅದು ಕಳಿಸುವ ಸಂಕೇತ ನಮಗೆ ಮುಟ್ಟಲು 23 ತಾಸಿಗೂ ಜಾಸ್ತಿ ಹಿಡಿಯುತ್ತದೆ. ಹೆಚ್ಚು ಕಡಿಮೆ ನಿನ್ನೆ ಇದೇ ಹೊತ್ತಿಗೆ ಅದು ಹೊರಡಿಸಿದ್ದು ಈಗ ಬರುತ್ತಿದೆ.